ಅಕ್ಕನ ನೆಗೆಟಿವ್

ಫಿಲ್ಮ್ ತೊಳೆಯುವ ಹೈಪೋ ದ್ರಾವಣದ ಹುಳಿ ವಾಸನೆ ಮೂಗಿಗೆ ಬಡಿದಾಗಲೆಲ್ಲ ಶಿವಾಜಿನಗರದ ಆ ಸ್ಟುಡಿಯೋ ಯಜಮಾನ ನೆನಪಾಗುತ್ತಾನೆ. ಪ್ರೀತಿಯಿಂದಲ್ಲ. ಹಲಸೂರಿನ ನನ್ನ ಪುಟ್ಟ ಅಂಗಡಿಗೆ ಇಂದಿರಾನಗರದ ಹುಡುಗ ಹುಡುಗಿಯರು ಹಳೆಯ ಕ್ಯಾಮೆರಾ ನೇತುಹಾಕಿಕೊಂಡು ಬರುತ್ತಾರೆ. ಫಿಲ್ಮ್ ತೊಳೆದು, ನೆಗೆಟಿವ್ ಅವರ ಕೈಗೇ ಕೊಟ್ಟು ಕಳಿಸುತ್ತೇನೆ. ಈ ಕಸುಬು ನಾನು ಕಲಿತದ್ದೇ ಅವನ ಮೇಲಿನ ಸಿಟ್ಟಿಗೆ.

ಅಕ್ಕನಿಗೆ ಗಂಡು ನೋಡುತ್ತಿದ್ದ ಕಾಲ. ಅಮ್ಮ ಅವಳಿಗೆ ಮಲ್ಲಿಗೆ ಮುಡಿಸಿ ಅವನ ಸ್ಟುಡಿಯೋಗೆ ಕರೆದೊಯ್ದಳು, ನಾನೂ ಜೊತೆಗಿದ್ದೆ. ಬಂದ ಪ್ರಿಂಟ್ ಜಾತಕದ ಜೊತೆ ಗಂಡಿನ ಮನೆಗೆ ಹೋಯಿತು. ಅಂಥ ಫೋಟೋಗಳು ವಾಪಸ್ ಬಂದದ್ದುಂಟೇ! ಅಮ್ಮ ನೆಗೆಟಿವ್ ಕೇಳಿದ್ದಕ್ಕೆ ಯಜಮಾನ ನಕ್ಕ.

"ಅದು ಕೊಡೋ ಪದ್ಧತಿ ಇಲ್ಲಮ್ಮ. ಯಾವಾಗ ಬೇಕಾದ್ರೂ ಬನ್ನಿ, ಪ್ರಿಂಟ್ ಹಾಕ್ಕೊಡ್ತೀನಿ."

ಮದುವೆ ಕೂಡಿಬರುವ ಮುಂಚೆಯೇ ಅಕ್ಕ ಕಾಮಾಲೆಯಲ್ಲಿ ಹೋಗಿಬಿಟ್ಟಳು... ಬೆಳೆದ ಮೇಲಿನ ಅವಳ ಫೋಟೋ ಅದೊಂದೇ. ಅದರ ಪ್ರಿಂಟ್ ಹಾಕಿಸಲು ಓಡಿದೆ. ಸ್ಟುಡಿಯೋದಲ್ಲಿ ಹೊಸ ಡಿಜಿಟಲ್ ಯಂತ್ರ ಕೂತಿತ್ತು. ಹಳೆಯ ನೆಗೆಟಿವ್‌ಗಳನ್ನೆಲ್ಲ ಫಿಲ್ಮ್ ಕರಗಿಸಿ ಅದರಲ್ಲಿನ ಬೆಳ್ಳಿ ತೆಗೆಯುವವರಿಗೆ ಯಜಮಾನ ತೂಕಕ್ಕೆ ಹಾಕಿದ್ದ. "ಇನ್ನು ಫಿಲ್ಮ್ ಯಾರಿಗ್ರೀ ಬೇಕು?" ಎಂದ. ತಪ್ಪಾಯಿತು ಎನ್ನುವುದಿರಲಿ, ಕೂರು ಎಂದೂ ಹೇಳಲಿಲ್ಲ. ಇವನ ಮನೆ ಹಾಳಾಗ ಎಂದು ಶಪಿಸಿಕೊಂಡೇ ಹೊರಬಂದೆ.

ಹೋದ ವರ್ಷ ಅವನೇ ನನ್ನ ಅಂಗಡಿ ಮೆಟ್ಟಿಲು ಹತ್ತಿದ. ನನ್ನ ಗುರುತು ಹಿಡಿಯಲಿಲ್ಲ.

"ಊರೋರ ಫೋಟೋ ಎಲ್ಲ ತೆಗ್ದೆ, ನಂದೊಂದು ಸರಿಯಾದ್ದಿಲ್ಲ. ಮೊಬೈಲ್‌ನಲ್ಲಿ ಮುಖಕ್ಕೆ ಮೈದಾ ಬಳಿದಂಗೆ ಬರುತ್ತೆ ಗುರು. ಫಿಲ್ಮಲ್ಲೇ ತೆಗಿ."

ತೆಗೆದೆ. ಹಾಳು ಮುದುಕ, ಎಷ್ಟು ಚೆನ್ನಾಗಿ ಬಂದಿದ್ದ! ಪ್ರಿಂಟ್ ಒಯ್ಯಲು ಅವನು ಬರಲಿಲ್ಲ. ಅವನ ಮಗ ಬಂದ, ತಲೆ ಬೋಳಿಸಿಕೊಂಡು.

"ಅಪ್ಪ ಹೋಗ್ಬಿಟ್ರು ಸಾರ್. ಇಲ್ಲಿ ಫೋಟೋ ತೆಗೆಸ್ದೆ ಅಂತಿದ್ರು. ವೈಕುಂಠ ಸಮಾರಾಧನೆಗೆ ಇಡ್ಬೇಕಿತ್ತು."

ನೆಗೆಟಿವ್ ನನ್ನ ಬೆನ್ನ ಹಿಂದಿನ ಡಬ್ಬಿಯಲ್ಲೇ ಇತ್ತು. "ರೋಲ್ ಹಾಳಾಗ್ಹೋಯ್ತಪ್ಪ," ಎಂದೆ. ಅವನು ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದ. ನಾನು ಅಲ್ಲೇ ನಿಂತು ಆ ನೆಗೆಟಿವನ್ನು ಕತ್ತರಿಯಲ್ಲಿ ಚೂರು ಚೂರು ಮಾಡಿದೆ. ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಅಮ್ಮನಿಗೆ ಈಗ ಕಣ್ಣು ಮಂಜು. ನಿನ್ನೆ ಎದುರುಮನೆಯ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು, ಅವಳ ಗಲ್ಲ ಹಿಡಿದು ಕೇಳಿದಳು, "ನಿಮ್ಮಕ್ಕಂದು ಹಿಂಗೇ ಇತ್ತಲ್ವೇನೋ?"

ನೆನಪು ಮಾಡಿಕೊಳ್ಳಲು ನೋಡಿದೆ. ಮಲ್ಲಿಗೆ ಕಂಡಿತು, ಸೀರೆಯ ಅಂಚು ಕಂಡಿತು... ಮುಖ ಬರಲಿಲ್ಲ.

"ಹ್ಞೂಂ ಅಮ್ಮ, ಹಿಂಗೇ ಇತ್ತು," ಎಂದೆ.