ಅಕ್ಕನ ಹೊಟ್ಟೆಯ ಹಳದಿ ಗೆರೆ

ಮಗನ ಹೊಸ ಜೀನ್ಸ್ ಪ್ಯಾಂಟನ್ನು ಬಕೆಟ್ಟಿನಲ್ಲಿ ನೆನೆ ಹಾಕುತ್ತಿದ್ದೆ. ಬಣ್ಣದ ಆ ವಾಸನೆ ಮೂಗಿಗೆ ಬಡಿಯುತ್ತಿದ್ದಾಗಲೇ ಫೋನ್ ಬಂತು. ಹಿಂದೆ ಎದುರುಮನೆಯಲ್ಲಿದ್ದ ಅಕ್ಕನ ಮಗಳು. “ಚಿಕ್ಕಮ್ಮ, ಅವ್ವ ಹೋದ್ಳು,” ಅಂದಳು. ಅಕ್ಕನ ಸೀರೆಗೂ ಇದೇ ವಾಸನೆ ಇರುತ್ತಿತ್ತು…

ನಾನು ಮಡಕಶಿರದ ಕಡೆಯಿಂದ ರಾಯದುರ್ಗಕ್ಕೆ ಸೊಸೆಯಾಗಿ ಬಂದಾಗ ನಮ್ಮ ಬೀದಿಯ ಹೆಂಗಸರೆಲ್ಲ ಜೀನ್ಸ್ ಹೊಲಿಯುತ್ತಿದ್ದರು. ಅಕ್ಕನೂ ಹಳ್ಳಿ ಬಿಟ್ಟು ಬಂದು ಒಂದು ಗಾರ್ಮೆಂಟ್ಸ್ ಸೇರಿದ್ದಳು. ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಗಡ್ಡೆ ಅಂತ ಗೊತ್ತಾದಾಗ ದೊಡ್ಡಾಸ್ಪತ್ರೆಗೆ ಜೊತೆಗೆ ಹೋದವಳು ನಾನು.

ಅಲ್ಲಿ ಎರಡು ದಿನ ಎರಡು ಬಗೆಯ ಸ್ಕ್ಯಾನ್ ತೆಗೆದು ಒಂದರ ಮೇಲೊಂದು ಕೂರಿಸುತ್ತಿದ್ದರು. ಗಡ್ಡೆ, ಕರುಳು, ಮೂತ್ರಕೋಶ, ಒಂದೊಂದರ ಸುತ್ತ ಕಂಪ್ಯೂಟರು ಬಣ್ಣದ ಗೆರೆ ಎಳೆಯುತ್ತಿತ್ತು. ಆ ಗೆರೆ ನೋಡಿಕೊಂಡೇ ಗಡ್ಡೆ ಸುಡುವ ಕಿರಣ ಬಿಡುವುದು. ಎರಡು ಸಲವೂ ನೀರು ಕುಡಿದು, ಮೂತ್ರ ತಡೆದುಕೊಂಡು ಮಲಗಬೇಕು ಅಂದಿದ್ದರು. ಮೊದಲ ದಿನ ನರ್ಸ್ ಎದುರು ನಿಂತು ಕುಡಿಸಿದಳು. ಎರಡನೇ ದಿನ ಯಾರೂ ನಿಲ್ಲಲಿಲ್ಲ.

ಸ್ಕ್ಯಾನ್ ಆದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಒಳಗೆ ಕರೆದರು. “ನೋಡಿ, ಮೂತ್ರಕೋಶ ಅಂತ ಕಂಪ್ಯೂಟರು ಹಳದಿ ಗೆರೆ ಎಳೆದಿದೆ. ಇವತ್ತಿನ ಚಿತ್ರದಲ್ಲಿ ಮೂತ್ರಕೋಶ ಖಾಲಿಯಾಗಿ ಕುಗ್ಗಿ, ಆ ಜಾಗಕ್ಕೆ ಕರುಳು ಇಳಿದು ಬಂದಿದೆ. ಇದನ್ನೇ ನಂಬಿದರೆ ಕರುಳು ಸುಟ್ಟುಹೋಗುತ್ತೆ. ನೀರು ಕುಡಿದಿದ್ರಾ?”

“ಕುಡ್ದೀನ್ರಿ ಅಮ್ಮಾರೆ.”

“ಸುಳ್ಳು ಯಾಕಕ್ಕ ಹೇಳ್ತೀಯ? ಬೆಳಗ್ಗೆಯಿಂದ ಒಂದು ಗುಟುಕೂ ಕುಡ್ದಿಲ್ಲ ನೀನು,” ಅಂದೆ.

ಅಕ್ಕ ತಲೆ ತಗ್ಗಿಸಿದಳು. “ರೂಢಿ ಇಲ್ರಿ. ಗಾರ್ಮೆಂಟ್ಸ್‌ನ್ಯಾಗ ನೀರು ಕುಡಿದ್ರ ಎದ್ದು ಹೋಗಬೇಕಾಗತೈತಿ, ಮೇಸ್ತ್ರಿ ಬೈತಾನ್ರಿ. ಅದಕ್ಕ ಯಾರೂ ಕುಡಿಯಂಗಿಲ್ಲ.”

ಡಾಕ್ಟರಮ್ಮ ರೇಗಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನ ಗೆರೆಯನ್ನು ತಾವೇ ಕೂತು ತಿದ್ದಿದರು. ಅವತ್ತು ಅವರು ರಜೆಯಲ್ಲಿ ಇರದಿದ್ದುದು ದೇವರ ದಯೆಯೇ.

ಅಕ್ಕ ಗುಣವಾಗಿ ಮತ್ತೆ ಕೆಲಸಕ್ಕೆ ಹೋದಳು. ಕಿರಣ ತಗುಲಿದ ಮೈ, ಮೊದಲಿನ ಹಾಗೆ ಮೂತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಒಂದು ದಿನ ಎರಡನೇ ಸಲ ಎದ್ದಾಗ ಮೇಸ್ತ್ರಿ ಎಲ್ಲರ ಮುಂದೆ, “ಏನವ್ವಾ, ಒಳಗ ಬೋರ್ ಕೊರ್ಸೀಯೇನು? ಕುಂದ್ರು,” ಅಂದನಂತೆ. ಅವನ ಕಣ್ಣಿಗೆ ಒಳ್ಳೆಯವರಾಗಲು ಅಕ್ಕಪಕ್ಕದ ಹೆಂಗಸರೂ ನಕ್ಕರಂತೆ. ಅಕ್ಕ ಕೂತಳು. ಕೂತಲ್ಲೇ ಸೀರೆ ಒದ್ದೆಯಾಯಿತು…

ನಮ್ಮ ಬಚ್ಚಲಲ್ಲಿ ಆ ಸೀರೆ ಒಗೆಯುತ್ತಾ, “ತಂಗಿ, ಅವನು ಮೂಗು ಮುಚ್ಕೊಂಡ ನೋಡು,” ಅಂದಳು. ಅಷ್ಟೇ. ಗಾರ್ಮೆಂಟ್ಸ್ ಬಿಟ್ಟು ಅಮರಾಪುರದ ಮಗಳ ಮನೆ ಸೇರಿದಳು. ತಪಾಸಣೆಗೆ ಹೋಗಕ್ಕ ಅಂತ ಫೋನಿನಲ್ಲಿ ಎಷ್ಟು ಹೇಳಿದರೂ, “ಮತ್ತ ನೀರು ಕುಡಿಸ್ತಾರ. ಬಸ್ಸಿನ್ಯಾಗ ಏನಾರ ಆದ್ರ ಮಂದಿ ನಗ್ತಾರ,” ಅನ್ನುತ್ತಿದ್ದಳು. ರೋಗ ತಿರುಗಿ ಬಂದದ್ದು ಗೊತ್ತಾಗುವಷ್ಟರಲ್ಲಿ ಮಾಡುವುದೇನೂ ಉಳಿದಿರಲಿಲ್ಲ.

ಮೈಯಲ್ಲಿ ನೀರಾಡುವುದನ್ನೂ ತಪ್ಪು ಮಾಡಿಟ್ಟ ಆ ಮನುಷ್ಯನನ್ನು ನೆನೆದರೆ ಅಸಹ್ಯವಾಗುತ್ತದೆ. ನಕ್ಕವರನ್ನು ನೆನೆದರೆ ಇನ್ನೂ ಹೆಚ್ಚು. ಅವರಲ್ಲಿ ಇಬ್ಬರು ನಮ್ಮ ಭಜನೆಗೆ ಬರುತ್ತಾರೆ. ಅವರ ಕೈಯಿಂದ ಪ್ರಸಾದ ತೆಗೆದುಕೊಳ್ಳುವಾಗ ಇಂದಿಗೂ ನನ್ನ ಬೆರಳು ಹಿಂಜರಿಯುತ್ತದೆ.

ಫೋನ್ ಇಟ್ಟು ದೇವರ ಮುಂದೆ ನಿಂತೆ. ದಿನವೂ ಎಲ್ಲರಿಗೂ ಒಳ್ಳೇದು ಮಾಡಪ್ಪ ಅನ್ನುವ ಬಾಯಿ ಇವತ್ತು ಅಕ್ಕನ ಹೆಸರು ಹೇಳಿ ಅಲ್ಲಿಗೇ ನಿಂತಿತು. ಎಲ್ಲರಿಗೂ ಅಂದರೆ ಆ ಮೇಸ್ತ್ರಿಗೂ, ನಕ್ಕವರಿಗೂ ಅಂತಾಗುತ್ತಿತ್ತು. ಒಳಗೆ ಹೋಗಿ ರಾಗಿ ಹಿಟ್ಟು ಜರಡಿ ಹಿಡಿಯಲು ಕೂತೆ.