ಮಾಳಿಗೆಯ ಮೇಲೆ ಒಣಹಾಕಿದ ಹುಡುಗಿ

ಬೇಸಿಗೆಯಲ್ಲಿ ನಮ್ಮ ಕಡೆ ಮಾಳಿಗೆಯ ಮೇಲೆ ಏನೇನು ಒಣಹಾಕುತ್ತಾರೆ? ಸಂಡಿಗೆ, ಶಾವಿಗೆ, ಮೆಣಸಿನಕಾಯಿ. ಕಳೆದ ವಾರ ಸವದತ್ತಿಯ ನನ್ನ ಅಕ್ಕನ ಮನೆಯಲ್ಲಿ ಅವುಗಳ ಸಾಲಿಗೆ ಅವಳ ಮಗಳು ಗೀತಾ ಕೂಡ ಸೇರಿದ್ದಳು. (ತಮಾಷೆ ಅಲ್ಲ.)

ಗೀತಾಳ ಮುಂಗೈ ಮೇಲೆ ಹೋದ ವರ್ಷ ಒಂದು ಬಿಳಿ ಮಚ್ಚೆ ಕಾಣಿಸಿತು. ಈ ವರ್ಷ ಅದಕ್ಕೊಂದು ಜೊತೆ ಬಂತು. ಓಣಿಯ ಹಿರಿಯರಿಗೆ ಕಾರಣ ತಕ್ಷಣ ಹೊಳೆಯಿತು: "ಮೀನ ತಿಂದು ಮ್ಯಾಲೆ ಹಾಲು ಕುಡದಾಳ, ಅದಕ್ಕ ತೊನ್ನು ಹತ್ತೇತಿ!"

ಲಿಂಗ ಕಟ್ಟಿಕೊಂಡ ಮನೆ. ಮೀನಿನ ಮುಖ ನೋಡಿದವರೇ ಇಲ್ಲ. ಆದರೂ ಅಕ್ಕನಿಗೆ ಅನುಮಾನ. "ಹಾಸ್ಟೆಲ್ಲಿನ್ಯಾಗ ಏನರ ತಿಂದಿಯೇನ? ಖರೇ ಹೇಳ."

"ತಿಂದಿದ್ರ ರುಚಿನರ ಗೊತ್ತಿರತಿತ್ತಬೇ," ಅಂದಳು ಗೀತಾ.

ಹುಬ್ಬಳ್ಳಿಯ ಚರ್ಮದ ಡಾಕ್ಟರ್ ಬಿಡಿಸಿ ಹೇಳಿದ್ದರು. ಚರ್ಮಕ್ಕೆ ಬಣ್ಣ ಕೊಡುವ ಜೀವಕಣಗಳು ಅಲ್ಲಿ ಕೆಲಸ ನಿಲ್ಲಿಸಿವೆ, ಅಷ್ಟೆ. ಮುಟ್ಟಿದರೆ ಅಂಟುವುದಿಲ್ಲ. ಮೀನೂ ಕಾರಣವಲ್ಲ, ಪಾಪವೂ ಅಲ್ಲ. ಒಂದು ಲೋಷನ್ ಬರೆದುಕೊಟ್ಟು, "ಮಚ್ಚಿಗಷ್ಟ ತೆಳ್ಳಗ ಹಚ್ಚಿ, ಮುಂಜಾನಿ ಎಳಿ ಬಿಸಲಾಗ ಎರಡ ಮಿನಿಟು ಕೈ ಹಿಡೀರಿ. ಆಮ್ಯಾಲೆ ತೊಳದು ಮುಚ್ಕೋರಿ, ಇಲ್ಲಾಂದ್ರ ಬಿಸಲಿಗೆ ಚರ್ಮ ಸುಡತೈತಿ. ತಿಂಗಳಗಟ್ಟಲೆ ತಾಳ್ಮಿ ಬೇಕ್ರಿ" ಎಂದಿದ್ದರು.

ತಾಳ್ಮೆ! ಪಕ್ಕದ ಎಸ್‌ಟಿಡಿ ಬೂತಿಗೆ ರಾಮದುರ್ಗದಿಂದ ಫೋನು ಬಂದಿತ್ತು. ಹೆಣ್ಣು ನೋಡಲು ಗಂಡಿನ ಕಡೆಯವರು ಸೋಮವಾರವೇ ಬರುತ್ತಾರಂತೆ. ತಾಳ್ಮೆಗೆ ಪುರಸೊತ್ತೆಲ್ಲಿ?

ಅಕ್ಕನ ಲೆಕ್ಕ ಸರಳ. ಎಳೆ ಬಿಸಿಲಿಗೆ ಸಂಡಿಗೆ ಒಣಗಲು ವಾರ ಬೇಕು. ಸುಡು ಬಿಸಿಲಿಗೆ ಒಂದೇ ದಿನ. ಮಚ್ಚೆಗೆ ಬೇರೆ ನಿಯಮವೇ? ಅರ್ಧ ಬಾಟಲಿ ಲೋಷನ್ ಮೊಣಕೈವರೆಗೆ ಬಳಿದು, ಮಟಮಟ ಮಧ್ಯಾಹ್ನ ಮಗಳನ್ನು ಮೇಲೆ ಕೂರಿಸಿದಳು. ಕಾಗೆ ಓಡಿಸುವ ಕೆಲಸವನ್ನೂ ಅವಳಿಗೇ ವಹಿಸಿದಳು. (ಬಿಸಿಲು ವ್ಯರ್ಥವಾಗಬಾರದಲ್ಲ!)

ಬೈಲಹೊಂಗಲದಿಂದ ಬಸ್ಸಿನಲ್ಲಿ ಬಂದು ನಾನು ಮನೆ ಸೇರಿದಾಗ ಮಾಳಿಗೆಯ ಮೇಲೆ ಕಾಗೆಗಳ ಹಬ್ಬ ನಡೆದಿತ್ತು.

"ಗೀತಾನ ಕಾಯಾಕ ಕುಂದರ್ಸೇನಿ. ನಿದ್ದಿ ಹತ್ತೇತೇನೋ, ನೋಡವಾ" ಎಂದಳು ಅಕ್ಕ.

ಏಣಿ ಹತ್ತಿದೆ. ಹುಡುಗಿ ಶಾವಿಗೆಯ ಮೇಲೆ ಬೋರಲು ಬಿದ್ದಿದ್ದಳು. ಮೈ ಕಾದ ಹಂಚು. ಕರೆದರೆ ಮಾತಿಲ್ಲ.

ಹೇಗೆ ಕೆಳಗಿಳಿಸಿದೆವೋ, ಯಾರ ಟೆಂಪೊ ಸಿಕ್ಕಿತೋ! ದವಾಖಾನೆಯಲ್ಲಿ ಸಲೈನ್ ಏರಿಸಿದ ಮೇಲೆ ಕಣ್ಣು ಬಿಟ್ಟಳು. "ಇನ್ನೊಂದೀಟು ತಡಾ ಆಗಿದ್ರ ಕಷ್ಟ ಇತ್ತರಿ" ಎಂದರು ಅಲ್ಲಿಯ ಡಾಕ್ಟರ್. ನಾನು ಮುಂದಿನ ಬಸ್ಸಿಗೆ ಬಂದಿದ್ದರೆ? ಕಣ್ಣು ಮುಚ್ಚಿದರೆ ಸಾಕು, ಮತ್ತೆ ಏಣಿ ಹತ್ತುತ್ತೇನೆ.

ಮರುದಿನ ಅವಳ ಕೈತುಂಬ ನೀರುಗುಳ್ಳೆ. ಡಾಕ್ಟರ್ ಬ್ಯಾಂಡೇಜ್ ಸುತ್ತಿ ಹೋದರು. ಮಂಚದ ಸುತ್ತ ಬಂಧುಗಳ ಸಭೆ ಸೇರಿತು. ವಿಷಯ? ಜೀವ ಉಳಿದದ್ದಲ್ಲ. ಸೋಮವಾರದ್ದು!

ದಾರಿ ಕಂಡುಹಿಡಿದವರು ನಮ್ಮ ಭಾವ, ಹುಡುಗಿಯ ಅಪ್ಪ. "ಅದರಾಗೇನೈತಿ? ಕರ್ಚಿಕಾಯಿ ಕರಿಯೂಮುಂದ ಎಣ್ಣಿ ಸಿಡೀತು ಅಂತ ಹೇಳೂಣು. ಹುಡುಗಿಗೆ ಅಡಗಿ ಬರತೈತಿ ಅಂತ ಖುಷಿನರ ಆಕ್ಕಾರ."

ಎಲ್ಲ ತಲೆಗಳೂ ಅಲ್ಲಾಡಿದವು. ಬ್ಯಾಂಡೇಜಿನೊಳಗೆ ಮಚ್ಚೆಯೂ ಮುಚ್ಚಿತ್ತಲ್ಲ!

"ಹಂಗಾರ ಕೈ ಸುಟ್ಟಿದ್ದು ಚಲೋನ ಆತು ಬಿಡ್ರೀ" ಎಂದು ಗೀತಾ ಗೋಡೆಯ ಕಡೆ ಹೊರಳಿದಳು.

ಗುಳ್ಳೆ ಮಾಯುತ್ತದಂತೆ. ಮಚ್ಚೆಗೂ ಮದ್ದಿದೆಯಂತೆ. ಸುಟ್ಟ ಕೈಯನ್ನು ಒಪ್ಪಿಕೊಂಡು, ಬಿಳಿ ಮಚ್ಚೆಯ ಕೈಗೆ ಬೆನ್ನು ತಿರುಗಿಸುವ ನಮಗೆ ಯಾವ ಲೋಷನ್ ಹಚ್ಚಬೇಕು?