ಸುಬೇದಾರ್ ತಾತನ ಎಡೆ

ಹೋದ ವಾರ ಸಿ.ವಿ. ರಾಮನ್ ನಗರದ ಗೆಳೆಯನ ಫೋನ್ ಬಂತು. ಅವನು ಸೈನ್ಯದಿಂದ ನಿವೃತ್ತನಾದವನು. ಮಿಲಿಟರಿ ಕ್ಯಾಂಟೀನಿನ ಕಾರ್ಡು ಇಟ್ಟುಕೊಂಡಿರುವುದರಿಂದ ಅವನಿಗೆ ಊರಿನಲ್ಲಿ ಶತ್ರುಗಳೇ ಇಲ್ಲ. "ಏನ್ ಗುರು, ಪಿತೃಪಕ್ಷ ಬಂತು, ಇನ್ನೂ ನಿನ್ ಫೋನೇ ಇಲ್ಲ? ಈ ಸಲ ನಿಮ್ ತಾತಂಗೆ ರಮ್ ಬೇಡ್ವಾ?" ಎಂದ. "ಬೇಡ ಕಣೋ, ತಾತ ಬಿಟ್ಬಿಟ್ರು" ಎಂದೆ. "ಏನಂದೆ?" ಎಂದು ಎರಡೆರಡು ಸಲ ಕೇಳಿದ. ಸತ್ತು ಐವತ್ತು ವರ್ಷ ದಾಟಿದ ಮೇಲೆ ಕುಡಿತ ಬಿಟ್ಟವರನ್ನು ಅವನು ಕಂಡಿರಲಿಲ್ಲವೇನೋ.

ಎಡೆ ಎಂದರೆ ನಿಮಗೆ ಗೊತ್ತೇ ಇರುತ್ತದೆ. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರ ಫೋಟೋ ಮುಂದೆ ಬಾಳೆಲೆ ಹಾಕಿ, ಅವರು ಬದುಕಿದ್ದಾಗ ಇಷ್ಟಪಡುತ್ತಿದ್ದುದನ್ನೆಲ್ಲ ಬಡಿಸಿ, ಸಾಂಬ್ರಾಣಿ ಹೊಗೆ ತೋರಿಸಿ, ಬಂದು ಉಣ್ಣಿ ಎಂದು ಕರೆದು, ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ನಿಲ್ಲುತ್ತೇವೆ. ಅವರು ಉಂಡು ಹೋದ ಮೇಲೆ ನಮ್ಮ ಊಟ. ಹಿರಿಯರು ಎಷ್ಟೇ ಉಂಡರೂ ಎಲೆಯಲ್ಲಿ ಒಂದು ಅಗುಳೂ ಕಡಿಮೆಯಾಗುವುದಿಲ್ಲ ಎನ್ನುವುದು ಈ ಹಬ್ಬದ ದೊಡ್ಡ ಅನುಕೂಲ.

ನಮ್ಮ ತಾತನಿಗೆ, ಅಂದರೆ ಅಪ್ಪನ ಅಪ್ಪನಿಗೆ, ಮರ್ಫಿ ಟೌನಿನ ಚಿಕ್ಕಪ್ಪನ ಮನೆಯಲ್ಲಿ ಎಡೆ. ಅಡುಗೆ ಮಾತ್ರ ಮುನಿಯಮ್ಮತ್ತೆಯದು. ಅವರು ತಾತನ ಮಗಳು, ಚಿಕ್ಕಪ್ಪನ ಅಕ್ಕ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಹತ್ತಿ ಬೆಳಿಗ್ಗೆಯೇ ಬಂದು, ಮಸಾಲೆ ರುಬ್ಬಿ, ಐದು ಕೆಜಿ ಮಟನ್ ಬೇಯಿಸುತ್ತಿದ್ದರು. ಬರುಬರುತ್ತಾ ತಾತನ ಇಷ್ಟಗಳು ಬೆಳೆದವು. ಮೊದಲು ಮಟನ್ ಸಾರು, ಮುದ್ದೆ ಇತ್ತು. ಆಮೇಲೆ ಬೋಟಿ ಬಂತು, ಬಿರಿಯಾನಿ ಬಂತು. ಜೀವಮಾನದಲ್ಲಿ ಗೋಬಿ ಮಂಚೂರಿಯ ಹೆಸರೇ ಕೇಳದ ತಾತನಿಗೆ ಅದೂ ಇಷ್ಟವಾಗತೊಡಗಿತು. ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ ಬಂದ ವರ್ಷ ತಾತ ಹೋಳಿಗೆ ತಿನ್ನುವುದನ್ನು ನಿಲ್ಲಿಸಿದರು. ನಾನಂತೂ ಬಾಯಿ ಬಿಡುವ ಹಾಗಿರಲಿಲ್ಲ. 'ಮಿಲಿಟರಿಯವರು ಅಂದಮೇಲೆ ರಮ್ ಇಲ್ದೆ ಹೇಗೆ?' ಎಂದು ಮೊದಲು ಬಾಟಲಿ ತಂದಿಟ್ಟ ಪುಣ್ಯಾತ್ಮ ನಾನೇ.

ತಾತ ಮಿಲಿಟರಿಯಲ್ಲಿದ್ದದ್ದು ನಿಜ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಾಡಿಗೆ ಹೋಗಿದ್ದೂ ನಿಜ. ಅಲ್ಲಿ ಏನು ಮಾಡುತ್ತಿದ್ದರು ಎಂದು ಮಾತ್ರ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. 'ಸಾಮಾನು ಸಾಗಿಸ್ತಿದ್ದೆ' ಎಂದು ಒಮ್ಮೆ ಅಂದಿದ್ದರಂತೆ. ಅಷ್ಟು ಸಾಕಾಯಿತು ನಮಗೆ. ಚಿಕ್ಕಪ್ಪನ ಮದುವೆ ಮಾತುಕತೆಯಲ್ಲಿ ತಾತ ಹವಾಲ್ದಾರರಾದರು. ನನಗೆ ಹೆಣ್ಣು ನೋಡಲು ಹೋದಾಗ ಅವರು ಸತ್ತು ಇಪ್ಪತ್ತು ವರ್ಷವಾಗಿತ್ತು, ಆದರೂ ಸುಬೇದಾರರಾದರು. ಹಾಗೆಂದು ಮಾವನವರಿಗೆ ಹೇಳಿದವನು ನಾನೇ ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಇನ್ನೆರಡು ಮದುವೆ ಇದ್ದಿದ್ದರೆ ತಾತ ಜನರಲ್ ಆಗಿಬಿಡುತ್ತಿದ್ದರು.

ಫೋಟೋದ ಕಥೆಯೂ ಅಷ್ಟೇ. ತಾತನದು ಅಂತ ಇದ್ದದ್ದು ಬೆರಳುಗುರುತು ಬಿದ್ದು ಮಾಸಿದ ಒಂದು ಸಣ್ಣ ಫೋಟೋ. ಚಿಕ್ಕಪ್ಪನೂ ನಾನೂ ಅದನ್ನು ಹಿಡಿದುಕೊಂಡು ಶಿವಾಜಿನಗರದ ಸ್ಟುಡಿಯೋ ಒಂದಕ್ಕೆ ಹೋದೆವು. ಅಲ್ಲಿನ ಸಾಬರು ತಾತನ ಮುಖವನ್ನು ಯಾರದೋ ಯೂನಿಫಾರ್ಮಿನ ಮೇಲೆ ಕೂರಿಸಿ, ಕಂಪ್ಯೂಟರಿನಿಂದ ತಲೆಯೆತ್ತಿ, "ಮೆಡಲ್ ಎಷ್ಟು ಹಾಕ್ಬೇಕು ಸಾಬ್?" ಎಂದು ಕೇಳಿದರು. ಚಿಕ್ಕಪ್ಪ ಒಂದು ಕ್ಷಣ ಯೋಚಿಸಿ, "ಜಾಗ ಇರೋ ಕಡೆ ಎಲ್ಲಾ ಹಾಕ್ಬಿಡಿ" ಎಂದರು. ಈಗ ಆ ಫೋಟೋದಲ್ಲಿ ತಾತನಿಗೆ ಉಸಿರಾಡಲೂ ಜಾಗವಿಲ್ಲ.

ಇಷ್ಟೆಲ್ಲ ಭಕ್ತಿಯ ನಡುವೆ ಒಂದು ಸಣ್ಣ ತೊಡಕಿತ್ತು. ತಾತ ಯುದ್ಧದಿಂದ ಬಂದ ಮೇಲೆ ಸಾಯುವ ತನಕ ಮಾಂಸ ಮುಟ್ಟಲಿಲ್ಲ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೆ ಚಿಕ್ಕಪ್ಪನ ಹತ್ತಿರ ಉತ್ತರವೂ ಇತ್ತು. "ಜೀವ ಉಳಿದ್ರೆ ಬಾಡು ಬಿಡ್ತೀನಿ ಅಂತ ಯಾವ್ದೋ ದೇವ್ರಿಗೆ ಹರಕೆ ಕಟ್ಕೊಂಡಿರ್ತಾರೆ. ಸತ್ತ ಮೇಲೆ ಹರಕೆ ಎಲ್ಲಿಂದ ಬಂತು? ಪಾಪ, ಇದ್ದಾಗಂತೂ ತಿನ್ಲಿಲ್ಲ, ಈಗಲಾದ್ರೂ ತಿನ್ಲಿ!" ಎನ್ನುತ್ತಿದ್ದರು. ಈ ತರ್ಕಕ್ಕೆ ನಾವೆಲ್ಲ ತಲೆಯಾಡಿಸುತ್ತಾ ಬೋಟಿ ಬಡಿಸಿಕೊಳ್ಳುತ್ತಿದ್ದೆವು.

ಹೋದ ವರ್ಷ ಅತ್ತೆ ಬಂದರು, ಚಪ್ಪಲಿ ಬಿಟ್ಟರು, ಅಡುಗೆಮನೆಗೆ ಹೋಗದೆ ಫೋಟೋ ಎದುರು ಚಾಪೆಯ ಮೇಲೆ ಕೂತುಬಿಟ್ಟರು.

"ಈ ಸಲ ಅಪ್ಪಂಗೆ ಬಾಡು ಇಡ್ಬೇಡ ಕಣೋ" ಎಂದರು ಚಿಕ್ಕಪ್ಪನಿಗೆ.

"ಏನಕ್ಕ ನೀನು! ಐದ್ ಕೆಜಿ ತಂದಾಗಿದೆ. ಜನ ಬರ್ತಾರೆ. ಸಂಪ್ರದಾಯ ಅಂತ ಒಂದಿಲ್ವಾ?"

"ಯಾರ್ ಸಂಪ್ರದಾಯ? ನಿನ್ ಹೊಟ್ಟೆ ಸಂಪ್ರದಾಯ!"

ನನಗೆ ನಗು ಬಂತು, ಅತ್ತೆಯ ಮುಖ ನೋಡಿ ನುಂಗಿಕೊಂಡೆ.

"ನಂಗೂ ಎಂಬತ್ತು ದಾಟ್ತು. ಮುಂದಿನ ವರ್ಷ ನನ್ ಫೋಟೋನೂ ಇಲ್ಲೇ ತಗಲಾಕ್ತೀರೋ ಏನೋ. ಅಪ್ಪನ ಎದುರು ಹೋಗಿ ಯಾವ್ ಮುಖ ಇಟ್ಕೊಂಡು ನಿಲ್ಲಲಿ? ಒಂದ್ ಸಲನಾದ್ರೂ ಅಪ್ಪ ಉಣ್ಣೋ ಅಂಥಾದ್ದು ಇಡ್ರೋ. ಹರಕೆನೂ ಇಲ್ಲ, ಗಿರಕೆನೂ ಇಲ್ಲ. ನಂಗೆ ಒಬ್ಳಿಗೇ ಹೇಳಿದ್ದ ಅಪ್ಪ."

ಅತ್ತೆಯ ಮದುವೆ ಗೊತ್ತಾದ ವರ್ಷವಂತೆ. ಇನ್ನು ಅಪ್ಪನಿಗೆ ಬಡಿಸುವುದು ತಪ್ಪಿಹೋಗುತ್ತದಲ್ಲ ಎಂದು ಹಬ್ಬದ ದಿನ ಪ್ರೀತಿಯಿಂದ ಒಂದು ತುಂಡು ಅವರ ತಟ್ಟೆಗೆ ಹಾಕಿಬಿಟ್ಟಿದ್ದರು. ತಾತ ಎದ್ದು ಹೋಗಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡರು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮಗಳಿಗೆ ಹೇಳಿದರು. ಬರ್ಮಾದಲ್ಲಿ ಅವರ ಕೆಲಸ ಹೇಸರಗತ್ತೆ ನಡೆಸುವುದು. ಅಕ್ಕಿ, ಗುಂಡು, ಔಷಧಿ ಎಲ್ಲ ಅದರ ಬೆನ್ನ ಮೇಲೆ. ಮಳೆಗಾಲದಲ್ಲಿ ದಾರಿ ಮುಚ್ಚಿಹೋಗಿ, ಊಟ ಬರುವುದು ನಿಂತುಹೋಯಿತು. ಕತ್ತೆಗೆಂದು ಕೊಟ್ಟಿದ್ದ ಕಡಲೆಯಲ್ಲಿ ಅರ್ಧ ತಾತ, ಅರ್ಧ ಅದು. ಕಡಲೆಯೂ ಮುಗಿದ ಮೇಲೆ, ಆ ಕತ್ತೆಯನ್ನೇ ಕಡಿಯಬೇಕೆಂದು ಮೇಲಿನವರ ಹುಕುಂ ಆಯಿತು. ಬೇರೆಯವರ ಕೈಗೆ ಅದು ನಿಲ್ಲುತ್ತಿರಲಿಲ್ಲ. ಹಿಡಿದು ತರುವ ಕೆಲಸ ತಾತನ ಪಾಲಿಗೇ ಬಂತು.

"ಅದನ್ನ ಮಗಾ ಮಗಾ ಅಂತಿದ್ದನಂತೆ ಅಪ್ಪ" ಎಂದರು ಅತ್ತೆ. "ಬಾ ಮಗಾ ಅಂತ ಕರ್ದೆ, ನಂಬ್ಕೊಂಡ್ ಬಂತು ಅಂದ. ಮೂರ್ ದಿನ ಅದನ್ನೇ ತಿಂದ್ವಿ, ಅದಕ್ಕೇ ಉಳ್ಕೊಂಡೆ ಅಂದ. ನಿಮ್ಮಮ್ಮಂಗೂ ಹೇಳ್ಬೇಡ ಅಂದ. ನಾನೂ ಹೇಳ್ಲಿಲ್ಲ. ಕೊಟ್ಟ ಹೆಣ್ಣು, ತಮ್ಮಂದಿರ ಮನೇಲಿ ನಂದೇನು ಮಾತು ಅಂತ ಸುಮ್ನಿದ್ದೆ. ಸುಮ್ನಿದ್ದಿದ್ರೆ ಪರವಾಗಿಲ್ಲ ಕಣೋ, ಐವತ್ತು ವರ್ಷ ನನ್ ಕೈಯಾರೆ ಬೇಯ್ಸಿ ಅವನ ಮುಂದೆ ಇಟ್ನಲ್ಲೋ!"

ಅತ್ತೆ ಅಳುತ್ತಿದ್ದರು. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು, ಇವತ್ತಿಗೂ ಬೀದಿಗೆ ಕೇಳುವಂತೆಯೇ ಮಾತಾಡುವ ಚಿಕ್ಕಪ್ಪ ನೆಲ ನೋಡುತ್ತಾ ನಿಂತಿದ್ದರು. ನನಗೂ ಸರಿಯಾಗಿ ಕೇಳದಷ್ಟು ಮೆಲ್ಲಗೆ ಅಂದರು: "ಬೀದೀಲಿ ಎಲ್ಲರ ಅಪ್ಪಂದಿರೂ ಮಗಾ ಅಂತಿದ್ರು ಅಕ್ಕ. ನಂಗೆ ಒಂದ್ ದಿನನೂ ಅನ್ಲಿಲ್ಲ ಅಪ್ಪ. ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ."

"ಹುಚ್ಚಪ್ಪ" ಎಂದರು ಅತ್ತೆ, "ಆ ಮಾತು ಬಾಯಿಗೆ ಬಂದ್ರೆ ತಾನೆ?"

ಆ ವರ್ಷ ತಾತನ ಎಲೆಗೆ ಬರೀ ಅನ್ನ, ಬೇಳೆ ಸಾರು ಬಿತ್ತು. ಮಟನ್ನು ಅಕ್ಕಪಕ್ಕದ ಮನೆಗಳಿಗೆ ಹೋಯಿತು. ನಾನು ತಂದಿದ್ದ ಬಾಟಲಿಯನ್ನು ಬ್ಯಾಗಿನಿಂದ ಹೊರಗೆ ತೆಗೆಯುವ ಧೈರ್ಯವಾಗದೆ ಹಾಗೇ ವಾಪಸ್ ತಂದೆ. ಆಮೇಲೆ ಅದು ಏನಾಯಿತು ಎಂದು ಕೇಳಬೇಡಿ.

ಇವತ್ತು ಅಮಾವಾಸ್ಯೆ. ಎಡೆ ಮುಗಿಸಿಕೊಂಡು ಈಗ ತಾನೇ ಮನೆಗೆ ಬಂದು ಕೂತಿದ್ದೇನೆ. ಮಟನ್ ಏನಾಯಿತು ಎನ್ನುತ್ತೀರಾ? ಇತ್ತು. "ನಾವ್ ತಿನ್ನೋದನ್ನ ನಮ್ ಹೆಸರಲ್ಲೇ ತಿನ್ನೋಣ" ಎಂದರು ಚಿಕ್ಕಪ್ಪ. ತಾತನ ಹೆಸರಿನಲ್ಲಿ ಐದು ಕೆಜಿ ಬೇಕಾಗುತ್ತಿತ್ತು, ನಮ್ಮ ಹೆಸರಿನಲ್ಲಿ ಒಂದೂವರೆಯಲ್ಲೇ ಮುಗಿಯಿತು. ಅದೂ ಎಡೆ ಎಲ್ಲ ಆದ ಮೇಲೆ, ಹಿಂದಿನ ಕೋಣೆಯಲ್ಲಿ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅತ್ತೆ ಗೋಡೆಗೊರಗಿ ಕೂತಿದ್ದರು. ಅಡುಗೆಮನೆಗೆ ಅವರನ್ನು ಬಿಟ್ಟಿರಲಿಲ್ಲ. ಮುದ್ದೆ, ಸೊಪ್ಪಿನ ಸಾರು ಚಿಕ್ಕಪ್ಪನೇ ಮಾಡಿದ್ದರು. ಉಪ್ಪು ಜಾಸ್ತಿಯಾಗಿತ್ತು. ತಾತನ ಎಲೆ ಬಡಿಸಿ ಆದ ಮೇಲೆ ಅದರ ಪಕ್ಕದಲ್ಲೇ ಇನ್ನೊಂದು ಎಲೆ ಹಾಕಿದರು. ನೆನೆಸಿದ ಕಡಲೆಯನ್ನು ಬೊಗಸೆಯಲ್ಲಿ ತಂದು ಸುರಿದು, ಮೇಲೊಂದು ಅಚ್ಚು ಬೆಲ್ಲ ಇಟ್ಟರು. ಸಾಂಬ್ರಾಣಿ ಹಾಕಿ, "ಬಂದು ಉಣ್ಣಪ್ಪ" ಎಂದು ತಾತನನ್ನು ಕರೆದರು. ಇನ್ನೇನು ಬಾಗಿಲು ಮುಂದೆ ಮಾಡಬೇಕು, ಚಿಕ್ಕಪ್ಪ ಹಿಂದಕ್ಕೆ ಹೋಗಿ, ಮಂಡಿನೋವಿನ ಕಾಲು ಮಡಚಲಾರದೆ ಮಡಚಿ ಆ ಎರಡನೇ ಎಲೆಯ ಮುಂದೆ ಕೂತರು. ಎಪ್ಪತ್ತೈದು ವರ್ಷದ ಆ ಮನುಷ್ಯ ಎಲೆಯನ್ನು ಒಂದಿಷ್ಟು ಮುಂದಕ್ಕೆ ಸರಿಸಿದರು.

"ನೀನೂ ತಿನ್ನು, ಮಗಾ" ಎಂದರು.